ಶಂಕರಘಟ್ಟಕ್ಕೆ ಹೊರಡುವ ಮಕ್ಕಳಿಗೆ

ನಮ್ಮ ಕಡೆ ಕುವೆಂಪು ವಿಶ್ವವಿದ್ಯಾಲಯ ಅಂತ ಪೂರ್ತಿ ಹೆಸರು ಹೇಳುವವರು ಕಡಿಮೆ. ‘ಮಗಳು ಶಂಕರಘಟ್ಟದಲ್ಲಿ ಓದ್ತಿದಾಳೆ’ ಅಂದರೆ ತೀರ್ಥಹಳ್ಳಿಯಿಂದ ಸೊರಬದವರೆಗೆ ಎಲ್ಲರಿಗೂ ಅರ್ಥವಾಗುತ್ತದೆ. ಸ್ವಲ್ಪ ಹಳಬರು ಬಿ.ಆರ್. ಪ್ರಾಜೆಕ್ಟ್, ಅಂದರೆ ಭದ್ರಾ ನದಿ ಯೋಜನೆಯ ಊರು, ಅನ್ನುತ್ತಾರೆ. ನಾನು ಒಂದು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತೇನೆ. ಪ್ರತಿ ವರ್ಷ ಕೊನೆಯ ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಮಕ್ಕಳು ಸ್ಟಾಫ್ ರೂಮಿನ ಬಾಗಿಲಿಗೆ ಬಂದು ನಿಲ್ಲುತ್ತಾರೆ. ‘ಮೇಡಂ, ನಂಗೆ ಶಂಕರಘಟ್ಟದಲ್ಲಿ ಸೀಟು ಸಿಗುತ್ತಾ?’

ಸೀಟಿನ ಬಗ್ಗೆ ಉತ್ತರ ಕೊಡುವುದು ಕಷ್ಟವಲ್ಲ. ಪದವಿಯಲ್ಲಿ ಎಷ್ಟು ಅಂಕ, ಯಾವ ಕೆಟಗರಿ, ಯಾವ ವಿಷಯ ಅಂತ ಕೇಳಿದರೆ ಒಂದು ಅಂದಾಜು ಹೇಳಬಹುದು. ನನಗೆ ಚಿಂತೆ ಹತ್ತುವುದು ಅವರು ಕೇಳದೇ ಬಿಡುವ ಪ್ರಶ್ನೆಗಳ ಬಗ್ಗೆ. ಹಾಸ್ಟೆಲ್ ಸಿಗದಿದ್ದರೆ ಎಲ್ಲಿರುವುದು? ಸ್ಕಾಲರ್‌ಶಿಪ್ ಬರುವವರೆಗೆ ಮೆಸ್ ಬಿಲ್ ಯಾರು ಕಟ್ಟುವುದು? ಇಂಗ್ಲಿಷಿನಲ್ಲಿ ಪಾಠ ಮಾಡಿದರೆ ಏನು ಮಾಡುವುದು? ಮನೆಯಲ್ಲಿ ಯಾರಾದರೂ ಮೊದಲೇ ಓದಿದ್ದರೆ ಇವೆಲ್ಲ ಊಟದ ಹೊತ್ತಿನ ಮಾತುಗಳಲ್ಲೇ ಗೊತ್ತಾಗಿಬಿಡುತ್ತವೆ. ಯಾರೂ ಓದಿರದ ಮನೆಯ ಹುಡುಗಿಗೆ ಇಂಥ ಪ್ರಶ್ನೆಗಳಿವೆ ಅನ್ನುವುದೇ ಗೊತ್ತಿರುವುದಿಲ್ಲ. ಅಂಕ ಇದ್ದೂ, ಸೀಟು ಸಿಕ್ಕೂ ವಾಪಸ್ ಬಂದ ಮಕ್ಕಳನ್ನು ನಾನು ನೋಡಿದ್ದೇನೆ. ಅವರಿಗೆ ಕಡಿಮೆಯಾದದ್ದು ಬುದ್ಧಿಯಲ್ಲ. ಹೇಳಿಕೊಡುವವರು ಇರಲಿಲ್ಲ.

ಮೊದಲು ಆ ಜಾಗದ ಬಗ್ಗೆ ಒಂದೆರಡು ಮಾತು ಹೇಳುತ್ತೇನೆ. ಶಿವಮೊಗ್ಗದಿಂದ ಸುಮಾರು 28 ಕಿಲೋಮೀಟರ್ ದೂರ, ಭದ್ರಾವತಿ ತಾಲ್ಲೂಕು. ಕ್ಯಾಂಪಸ್ಸಿನ ಹೆಸರು ಜ್ಞಾನ ಸಹ್ಯಾದ್ರಿ. ಹತ್ತಿರದಲ್ಲೇ ಭದ್ರಾ ಜಲಾಶಯ, ಅದರಾಚೆ ಭದ್ರಾ ಹುಲಿ ಸಂರಕ್ಷಿತ ಪ್ರದೇಶದ ಕಾಡು. ಮೊದಲು ಇಲ್ಲಿದ್ದದ್ದು ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ. 1987ರಲ್ಲಿ ಅದು ಸ್ವತಂತ್ರ ವಿಶ್ವವಿದ್ಯಾಲಯವಾಯಿತು. ಕಾದಂಬರಿಕಾರ ಶಾಂತಿನಾಥ ದೇಸಾಯಿ ಮೊದಲ ಕುಲಪತಿ. ಕುವೆಂಪು ಅವರು ಆಗ ಇನ್ನೂ ಬದುಕಿದ್ದರು.

ಆ ಹೆಸರು ಇಲ್ಲಿಗೆ ಎಷ್ಟು ಸರಿಯಾಗಿ ಹೊಂದುತ್ತದೆ ಅನ್ನುವುದು ನನಗೆ ಓದು ಮುಗಿದ ಮೇಲೆ ಹೆಚ್ಚು ಹೆಚ್ಚು ಅನ್ನಿಸುತ್ತಿದೆ. ಕುಪ್ಪಳಿಯ ಹುಡುಗ ತೀರ್ಥಹಳ್ಳಿಯಲ್ಲಿ ಓದಿ, ಅಲ್ಲಿಂದ ಮೈಸೂರಿಗೆ ಹೋದರು. ಮಹಾರಾಜ ಕಾಲೇಜಿನಲ್ಲಿ ಓದಿದರು, ಅಲ್ಲೇ ಪಾಠ ಮಾಡಿದರು, 1956ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಅದೇ ವಿಶ್ವವಿದ್ಯಾಲಯದಲ್ಲಿ ಓದಿ ಅದಕ್ಕೇ ಕುಲಪತಿಯಾದವರಲ್ಲಿ ಅವರೇ ಮೊದಲಿಗರು. 1960ರವರೆಗಿನ ಆ ಅವಧಿಯಲ್ಲಿ ಅವರು ಹಟ ಹಿಡಿದು ಮಾಡಿದ ಕೆಲಸ ಅಂದರೆ ಕಾಲೇಜಿನ ಪಾಠ ಕನ್ನಡದಲ್ಲೂ ನಡೆಯಬೇಕು, ಅದಕ್ಕೆ ಬೇಕಾದ ಪುಸ್ತಕಗಳು ಕನ್ನಡದಲ್ಲಿ ಬರಬೇಕು ಅನ್ನುವುದು. ಹಳ್ಳಿಯಿಂದ ಬಂದ ಮಗುವಿಗೆ ವಿಶ್ವವಿದ್ಯಾಲಯದ ಬಾಗಿಲು ಎಷ್ಟು ಭಾರ ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು.

ನಮ್ಮ ಚಿಕ್ಕಮ್ಮ ಬಿ.ಎ. ಮುಗಿಸಿದ ಕಾಲಕ್ಕೆ ನಮ್ಮೂರಿನವರಿಗೆ ಎಂ.ಎ. ಅಂದರೆ ಮೈಸೂರು. ಅಜ್ಜ ಒಪ್ಪಲಿಲ್ಲ. ಒಪ್ಪದಿದ್ದದ್ದಕ್ಕೆ ಅವರಿಗೆ ಅವರದ್ದೇ ಕಾರಣಗಳಿದ್ದವು. ದೂರ, ಖರ್ಚು, ಹೆಣ್ಣುಮಗಳು. 2011ರಲ್ಲಿ ನಾನು ಕೇಳಿದಾಗ ಅಪ್ಪಯ್ಯ ‘ಶಂಕರಘಟ್ಟ ಅಲ್ವಾ, ಬೆಳಿಗ್ಗೆ ಬಸ್ ಹತ್ತಿದ್ರೆ ಮಧ್ಯಾಹ್ನದೊಳಗೆ ಹೋಗಿ ನೋಡ್ಕಂಡು ಬರ್ಬೋದು’ ಅಂದರು. ಹತ್ತಿರದಲ್ಲಿ ಒಂದು ಸರ್ಕಾರಿ ವಿಶ್ವವಿದ್ಯಾಲಯ ಇರುವುದು ಹೆಣ್ಣುಮಕ್ಕಳಿಗೆ ಎಂಥ ದೊಡ್ಡ ವಿಷಯ ಅಂತ ವಿವರಿಸಲು ನನಗೆ ಇದಕ್ಕಿಂತ ಬೇರೆ ಮಾತು ಬೇಕಿಲ್ಲ.

ಇನ್ನು ದುಡ್ಡಿನ ವಿಷಯ. ಪ್ರವೇಶದ ಸಮಯಕ್ಕೂ ನಮ್ಮ ಕಡೆಯ ಮನೆಗಳಲ್ಲಿ ದುಡ್ಡು ಬರುವ ಸಮಯಕ್ಕೂ ತಾಳೆ ಇಲ್ಲ. ಮಳೆಗಾಲ ಅಂದರೆ ಅಡಿಕೆ ತೋಟಕ್ಕೆ ಖರ್ಚಿನ ಕಾಲ. ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸಬೇಕು. ಮರ ಹತ್ತುವ ಕೊನೆಗಾರರಿಗೆ ಕೂಲಿ ಕೊಡಬೇಕು. ಕೊಯ್ಲು ಶುರುವಾಗಿ, ಸುಲಿದು, ಬೇಯಿಸಿ, ಒಣಗಿಸಿ, ಅಡಿಕೆ ಮಂಡಿಗೆ ಹೋಗಿ ದುಡ್ಡು ಕೈಗೆ ಬರುವುದು ಆಮೇಲೆ ಎಷ್ಟೋ ತಿಂಗಳಿಗೆ. ಫೀಸು ಕಟ್ಟಬೇಕಾದ್ದು ಇದರ ಮಧ್ಯೆ. ನನ್ನ ಫೀಸನ್ನು ಅಪ್ಪಯ್ಯ ಮಂಡಿಯಿಂದ ಮುಂಗಡ ತಂದು ಕಟ್ಟಿದರು. ಬರುವ ಬೆಳೆಯ ಮೇಲೆ ಸಾಲ ಮಾಡಿ ಮಗಳಿಗೆ ಸೀಟು ಹಿಡಿದ ಮನೆಗಳು ನಮ್ಮ ತಾಲ್ಲೂಕಿನಲ್ಲಿ ಬೇಕಾದಷ್ಟಿವೆ. ತೋಟವೇ ಇಲ್ಲದವರು, ಬೇರೆಯವರ ಅಡಿಕೆ ಸುಲಿದು ಬದುಕುವವರು, ಮುಂಗಡಕ್ಕೂ ಯಾರ ಹತ್ತಿರ ಹೋಗಬೇಕು? ಅದಕ್ಕೇ ನಾನು ಮಕ್ಕಳಿಗೆ ಹೇಳುವುದು, ಫೀಸಿನ ಮಾತನ್ನು ಮನೆಯಲ್ಲಿ ಏಪ್ರಿಲ್, ಮೇ ತಿಂಗಳಲ್ಲೇ ತೆಗೆಯಿರಿ ಅಂತ. ರಿಸಲ್ಟ್ ಬಂದ ಮೇಲೆ ಅಲ್ಲ.

ಹಾಗೇ ಕಾಗದಪತ್ರ. ನನ್ನ ಕಾಲದಲ್ಲಿ ಅರ್ಜಿ ತುಂಬಿ, ಜೆರಾಕ್ಸ್ ಕಟ್ಟು ಹಿಡಿದುಕೊಂಡು ಹೋಗುತ್ತಿದ್ದೆವು. ಈಗ ಯುಯುಸಿಎಂಎಸ್ ಪೋರ್ಟಲ್ ಇದೆ. ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳ ಪ್ರವೇಶ, ಪರೀಕ್ಷೆ, ಅಂಕಪಟ್ಟಿ ಎಲ್ಲ ಒಂದೇ ಕಡೆ ನಡೆಯಲಿ ಅಂತ 2021ರಲ್ಲಿ ತಂದದ್ದು. ಒಳ್ಳೆಯ ಯೋಚನೆಯೇ. ಆದರೆ ಹೊಸನಗರದ ಹಿನ್ನೀರಿನ ಆಚೆಯ ಊರಿನಲ್ಲಿ ಒಟಿಪಿ ಬರಬೇಕಾದರೆ ಗುಡ್ಡ ಹತ್ತಬೇಕು. ಹಾಗಾಗಿ ಮಕ್ಕಳು ಪೇಟೆಯ ಸೈಬರ್ ಸೆಂಟರಿಗೆ ಹೋಗುತ್ತಾರೆ. ಅಲ್ಲಿ ಅವಸರದಲ್ಲಿ ಸೆಂಟರಿನವರ ಮೊಬೈಲ್ ನಂಬರನ್ನೇ ಹಾಕಿ ಲಾಗಿನ್ ಮಾಡಿಕೊಡುತ್ತಾರೆ. ಮುಂದೆ ಎರಡು ವರ್ಷ ಆ ಹುಡುಗಿಯ ಪ್ರತಿಯೊಂದು ಸಂದೇಶವೂ ಇನ್ಯಾರದ್ದೋ ಫೋನಿಗೆ ಹೋಗುತ್ತದೆ. ಕೌನ್ಸೆಲಿಂಗ್ ದಿನಾಂಕ ತಿಳಿಯುವುದೇ ಇಲ್ಲ. ನಂಬರ್ ನಿಮ್ಮದೇ ಇರಲಿ, ಇಮೇಲ್ ನಿಮ್ಮದೇ ಇರಲಿ, ಪಾಸ್‌ವರ್ಡ್ ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ಇಷ್ಟು ಸಣ್ಣ ಮಾತನ್ನು ಯಾರೂ ಹೇಳುವುದಿಲ್ಲ.

ಜಾತಿ, ಆದಾಯ ಪ್ರಮಾಣಪತ್ರ ನಾಡಕಚೇರಿಯಲ್ಲಿ ಸಿಗುತ್ತದೆ. ಅದರ ಮೇಲಿನ ಆರ್‌ಡಿ ನಂಬರೇ, ಅಂದರೆ ಆ ಪ್ರಮಾಣಪತ್ರದ ಗುರುತಿನ ಸಂಖ್ಯೆಯೇ, ಸ್ಕಾಲರ್‌ಶಿಪ್ ಅರ್ಜಿಯ ಜೀವ. ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಕೋಟಾಕ್ಕೆ ಪ್ರಾಥಮಿಕ ಶಾಲೆಯಿಂದ ಓದಿದ ದೃಢೀಕರಣ ಬೇಕು. ಕೆಲವು ಊರುಗಳಲ್ಲಿ ಆ ಶಾಲೆ ಮಕ್ಕಳಿಲ್ಲದೆ ಮುಚ್ಚಿಹೋಗಿದೆ. ಅಂಥ ಹೊತ್ತಿನಲ್ಲಿ ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಕಚೇರಿಗೆ ಹೋಗಿ ದಾಖಲೆ ಎಲ್ಲಿದೆ ಅಂತ ಹುಡುಕಿಸಬೇಕು. ಇದಕ್ಕೆ ದಿನಗಳು ಹಿಡಿಯುತ್ತವೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿರುವ ಹೆಸರು, ಆಧಾರ್‌ನಲ್ಲಿರುವ ಹೆಸರು ಒಂದೇ ಇದೆಯಾ ನೋಡಿಕೊಳ್ಳಬೇಕು. ನಮ್ಮಲ್ಲಿ ಒಂದರಲ್ಲಿ ಇನಿಷಿಯಲ್ ಮುಂದೆ, ಇನ್ನೊಂದರಲ್ಲಿ ಹಿಂದೆ, ಮತ್ತೊಂದರಲ್ಲಿ ಅಪ್ಪನ ಪೂರ್ತಿ ಹೆಸರು. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗದಿದ್ದರೆ ಮಂಜೂರಾದ ದುಡ್ಡೂ ಖಾತೆಗೆ ಬರುವುದಿಲ್ಲ.

ಈ ಓಡಾಟದಲ್ಲಿ ಒಂದು ಕಚೇರಿಯಲ್ಲಿ ನನ್ನನ್ನು ‘ನಾಳೆ ಬಾ’ ಅಂತ ಮತ್ತೆ ಮತ್ತೆ ಕಳಿಸಿದರು. ಅಪ್ಪಯ್ಯ ಹೊರಗೆ ಜಗಲಿಯ ಮೇಲೆ ಕೂತಿರುತ್ತಿದ್ದರು. ಅವರು ಯಾರಿಗೂ ಒಂದು ಮಾತೂ ಜೋರಾಗಿ ಆಡಲಿಲ್ಲ. ಒಂದು ದಿನದ ಕೂಲಿ ಬಿಟ್ಟು ಬರುವವರಿಗೆ ‘ನಾಳೆ’ ಅನ್ನುವುದರ ಬೆಲೆ ಎಷ್ಟು ಅಂತ ಮೇಜಿನ ಆಚೆ ಕೂತವರಿಗೆ ಒಮ್ಮೆಯಾದರೂ ಹೊಳೆಯಬೇಕಿತ್ತು. ಇವತ್ತಿಗೂ ನನಗೆ ಆ ಸಿಟ್ಟು ಇಳಿದಿಲ್ಲ.

ಸರ್ಕಾರದ ನೆರವು ಇಲ್ಲ ಅಂತಲ್ಲ, ಇದೆ. ಹಿಂದುಳಿದ ವರ್ಗದ ಮಕ್ಕಳಿಗೆ ಹಾಸ್ಟೆಲ್ ಸಿಗದಿದ್ದರೆ ವಿದ್ಯಾಸಿರಿ ಯೋಜನೆಯಲ್ಲಿ ಊಟ, ವಸತಿಗೆ ತಿಂಗಳಿಗೆ ಇಂತಿಷ್ಟು ಅಂತ ಹತ್ತು ತಿಂಗಳು ಕೊಡುತ್ತಾ ಬಂದಿದ್ದಾರೆ. ರೈತರ ಮಕ್ಕಳಿಗೆ ರೈತ ವಿದ್ಯಾನಿಧಿ 2021ರಲ್ಲಿ ಶುರುವಾಯಿತು. ಶುರುವಾದಾಗ ಸ್ನಾತಕೋತ್ತರ ಓದುವ ಹುಡುಗರಿಗೆ 10,000, ಹುಡುಗಿಯರಿಗೆ 11,000 ರೂಪಾಯಿ ಅಂತ ಇತ್ತು. ಅದಕ್ಕೆ ಅಪ್ಪನ ಅಥವಾ ಅಮ್ಮನ ಹೆಸರಿನಲ್ಲಿ ಫ್ರೂಟ್ಸ್ ಅನ್ನುವ, ರೈತರನ್ನು ನೋಂದಾಯಿಸುವ ಸರ್ಕಾರಿ ತಂತ್ರಾಂಶದ ಎಫ್‌ಐಡಿ, ಅಂದರೆ ರೈತರ ಗುರುತಿನ ನಂಬರ್ ಬೇಕು.

ಇಲ್ಲೇ ಮಲೆನಾಡಿನ ಗಂಟು ಇರುವುದು. ಎಷ್ಟೋ ಮನೆಗಳಲ್ಲಿ ಪಹಣಿ ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲಿದೆ. ಅಣ್ಣತಮ್ಮಂದಿರ ಪಾಲು ಆಗಿಲ್ಲ, ತೀರಿಹೋದವರ ಜಮೀನು ವಾರಸುದಾರರ ಹೆಸರಿಗೆ ಬರುವ ಪೌತಿ ಖಾತೆ ಆಗಿಲ್ಲ. ಕೆಲವರದ್ದು ಬಗರ್ ಹುಕುಂ, ಅಂದರೆ ಮಂಜೂರಾಗದ ಸರ್ಕಾರಿ ಜಾಗದ ಸಾಗುವಳಿ, ಅರ್ಜಿ ಹಾಕಿ ಕಾಯುತ್ತಿದ್ದಾರೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿದಾಗ ಊರು ಬಿಟ್ಟು ಬಂದ ಶರಾವತಿ ಮುಳುಗಡೆ ಕುಟುಂಬಗಳಲ್ಲಿ ಎಷ್ಟೋ ಜನರಿಗೆ ಇವತ್ತಿಗೂ ಹಕ್ಕುಪತ್ರ ಇಲ್ಲ. ಇವರೆಲ್ಲ ದಿನಾ ಮಣ್ಣಿನಲ್ಲೇ ಕೆಲಸ ಮಾಡುವವರು. ಆದರೆ ಕಂಪ್ಯೂಟರಿನ ಲೆಕ್ಕದಲ್ಲಿ ರೈತರಲ್ಲ. ಅವರ ಮೊಮ್ಮಗಳು ಎಂ.ಎ. ಓದಲು ಹೊರಟಾಗ ಅರವತ್ತು ವರ್ಷದ ಹಿಂದಿನ ಆ ಬಾಕಿ ಬಂದು ಅವಳ ಅರ್ಜಿಯ ಖಾಲಿ ಕಾಲಂನಲ್ಲಿ ಕೂರುತ್ತದೆ. ಅರ್ಥಶಾಸ್ತ್ರ ಓದಿದ ನನಗೆ ಭೂಮಿಯ ಪ್ರಶ್ನೆಯೂ ಓದಿನ ಪ್ರಶ್ನೆಯೂ ಬೇರೆ ಬೇರೆ ಅಂತ ಅನ್ನಿಸುವುದೇ ಇಲ್ಲ.

ಕೌನ್ಸೆಲಿಂಗ್ ದಿನದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೆರಿಟ್ ಪಟ್ಟಿ, ಮೀಸಲಾತಿಯ ರೋಸ್ಟರ್, ಹೆಸರು ಕೂಗುವುದು, ಮೂಲ ದಾಖಲೆ ತೋರಿಸುವುದು. ಒಂದು ಪಟ್ಟಿಯಲ್ಲಿ ಹೆಸರು ಬರಲಿಲ್ಲ ಅಂತ ಮನೆಗೆ ಹೊರಟುಬಿಡಬೇಡಿ, ಮುಂದಿನ ಸುತ್ತಿನಲ್ಲಿ ಸೀಟು ಸಿಕ್ಕವರು ತುಂಬಾ ಜನ ಇದ್ದಾರೆ.

ಹಾಸ್ಟೆಲ್ ಜೀವನ ನಾನು ಎಣಿಸಿದ್ದಕ್ಕಿಂತ ಚೆನ್ನಾಗಿತ್ತು. ನಾನು ಅಕ್ಕಿ ರೊಟ್ಟಿ, ಕಡುಬು, ಗಂಜಿಯಲ್ಲಿ ಬೆಳೆದವಳು. ಪಕ್ಕದ ಹಾಸಿಗೆಯವಳು ಹೊಸದುರ್ಗದ ಕಡೆಯವಳು, ರಾತ್ರಿ ಮುದ್ದೆ ಇಲ್ಲದಿದ್ದರೆ ಅವಳಿಗೆ ನಿದ್ದೆ ಬರುತ್ತಿರಲಿಲ್ಲ. ಇನ್ನೊಬ್ಬಳು ಶಿಕಾರಿಪುರದ ಕಡೆಯವಳು, ಮನೆಯಿಂದ ಬರುವಾಗ ಜೋಳದ ರೊಟ್ಟಿಯ ಗಂಟು ತರುತ್ತಿದ್ದಳು. ಮೂವರೂ ಕನ್ನಡವೇ ಆಡುತ್ತಿದ್ದರೂ ಮೊದಮೊದಲು ಒಬ್ಬರ ಮಾತು ಒಬ್ಬರಿಗೆ ಹೊಸದು. ಮಳೆಗಾಲದಲ್ಲಿ ಒಣಗದ ಬಟ್ಟೆ, ಹೋಗಿಬಿಡುವ ಕರೆಂಟು, ಸಂಜೆಯ ಬಸ್ಸು ತಪ್ಪಬಾರದು ಅನ್ನುವ ಆತಂಕ ಎಲ್ಲರಿಗೂ ಒಂದೇ. ಬೇಗ ಅಕ್ಕತಂಗಿಯರಂತೆ ಆದೆವು. ಹಬ್ಬಕ್ಕೆ ಊರಿಗೆ ಹೋಗಲಾಗದವರು ಹತ್ತಿರದ ಊರಿನವರ ಮನೆಗೆ ಹೋಗುತ್ತಿದ್ದರು.

ಮೆಸ್ಸಿನಲ್ಲಿ ಡಿವೈಡಿಂಗ್ ಸಿಸ್ಟಂ. ತಿಂಗಳ ಒಟ್ಟು ಖರ್ಚನ್ನು ಊಟ ಮಾಡಿದವರ ಲೆಕ್ಕಕ್ಕೆ ಹಂಚುವುದು. ಊರಿಗೆ ಹೋಗುವ ಮುಂಚೆ ಪುಸ್ತಕದಲ್ಲಿ ಬರೆದು ಹೋದರೆ ಆ ದಿನಗಳ ಖರ್ಚು ಕಳೆಯುತ್ತಿದ್ದರು. ಇದನ್ನು ನನಗೆ ಹೇಳಿದ್ದು ಸಾಗರದ ಕಡೆಯ ಒಬ್ಬ ಸೀನಿಯರ್ ಅಕ್ಕ. ‘ಎಂತಕ್ಕೆ ನಾಚ್ಕೆ ಮಾರಾಯ್ತಿ, ಗೊತ್ತಿಲ್ದಿದ್ರೆ ಕೇಳು, ಇದು ನಿಮ್ಮಪ್ಪನೂ ತೆರಿಗೆ ಕಟ್ಟಿ ನಡೆಸ್ತಿರೋ ಯೂನಿವರ್ಸಿಟಿ’ ಅಂತ ಅವಳು ಅಂದದ್ದು ನನ್ನ ಬೆನ್ನನ್ನು ನೆಟ್ಟಗೆ ಮಾಡಿತು. ಸೋಪು, ಬೆಂಕಿಪೊಟ್ಟಣ ಕೊಳ್ಳುವ ಮನೆಯೂ ಸರ್ಕಾರಕ್ಕೆ ಏನಾದರೂ ಒಂದು ಕಟ್ಟಿಯೇ ಇರುತ್ತದೆ. ಹಾಗಾಗಿ ಅಲ್ಲಿ ನಾವು ಯಾರ ದಯೆಯಿಂದಲೂ ಕೂತಿರಲಿಲ್ಲ.

ನನ್ನ ಬ್ಯಾಚಿನಲ್ಲಿ ಒಬ್ಬಳಿದ್ದಳು. ಹೆಸರು ಬೇಡ. ನಮ್ಮೆಲ್ಲರಿಗಿಂತ ಚುರುಕು. ಲೆಕ್ಕದ ಪೇಪರ್ ಅಂದರೆ ಅವಳ ಸುತ್ತ ನಾವು ಕೂರುತ್ತಿದ್ದೆವು. ದೀಪಾವಳಿಗೆ ಊರಿಗೆ ಹೋದವಳು ವಾಪಸ್ ಬರಲಿಲ್ಲ. ಮದುವೆ ಇರಬೇಕು ಅಂತ ಎಲ್ಲರೂ ಅಂದುಕೊಂಡೆವು. ಕಾರಣ ತಿಳಿದದ್ದು ಎಷ್ಟೋ ಕಾಲದ ಮೇಲೆ, ಬಸ್ಸಿನಲ್ಲಿ ಅವಳೇ ಸಿಕ್ಕಾಗ. ಸ್ಕಾಲರ್‌ಶಿಪ್ ಬಂದಿರಲಿಲ್ಲ, ಮೆಸ್ ಬಾಕಿ ಬೆಳೆದಿತ್ತು, ಮನೆಯಲ್ಲಿ ಕೇಳಲು ಮನಸ್ಸಾಗಲಿಲ್ಲ. ಬಾಕಿಯನ್ನು ಕಂತಿನಲ್ಲಿ ಕಟ್ಟುತ್ತೇನೆ ಅಂತ ವಾರ್ಡನ್‌ಗೆ ಅರ್ಜಿ ಕೊಟ್ಟು ನನ್ನ ರೂಮಿನವಳೇ ಆ ವರ್ಷ ನಡೆಸಿದ್ದಳು. ಅಂಥ ದಾರಿ ಇದೆ ಅಂತ ಇವಳಿಗೆ ಗೊತ್ತಿರಲಿಲ್ಲ. ಒಂದು ಹಾಳೆಯ ಅರ್ಜಿ. ಅದನ್ನು ನೆನೆದರೆ ಈಗಲೂ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ನಾನು ಇದನ್ನೆಲ್ಲ ಬರೆಯುತ್ತಿರುವುದು ಅವಳಿಗಾಗಿಯೇ.

ತರಗತಿಯ ಬಗ್ಗೆ ಹೇಳಬೇಕು. ಕನ್ನಡ ಮಾಧ್ಯಮದಿಂದ ಬಂದವರಿಗೆ ಮೊದಲ ಸೆಮಿಸ್ಟರ್ ನಿಜಕ್ಕೂ ಕಷ್ಟ. ಪಾಠ ಎರಡೂ ಭಾಷೆಯಲ್ಲಿ ಬೆರೆತು ಬರುತ್ತದೆ, ಆದರೆ ಲೈಬ್ರರಿಯ ಒಳ್ಳೆಯ ಪುಸ್ತಕಗಳು ಬಹುಪಾಲು ಇಂಗ್ಲಿಷಿನಲ್ಲಿ. ನಾವು ನಾಲ್ಕೈದು ಜನ ಸೇರಿ ಓದುತ್ತಿದ್ದೆವು. ಒಬ್ಬರು ಓದುವುದು, ಗೊತ್ತಿರುವವರು ಅರ್ಥ ಹೇಳುವುದು, ಎಲ್ಲರೂ ಕನ್ನಡದಲ್ಲಿ ನೋಟ್ಸ್ ಬರೆದುಕೊಳ್ಳುವುದು. ಮೊದಮೊದಲು ಒಂದು ಸಂಜೆಗೆ ಎರಡು ಪುಟ. ಎರಡನೇ ವರ್ಷದ ಹೊತ್ತಿಗೆ ಒಬ್ಬಳೇ ಕೂತು ಅಧ್ಯಾಯ ಮುಗಿಸುವಷ್ಟು ಆಯಿತು. ಇದರಲ್ಲಿ ಯಾವ ಗುಟ್ಟೂ ಇಲ್ಲ. ಜೊತೆ ಬೇಕು, ಸಮಯ ಬೇಕು, ನಗದ ಮೇಷ್ಟ್ರು ಬೇಕು. ನನಗೆ ಮೂರೂ ಸಿಕ್ಕವು.

ಇನ್ನೂ ಒಂದು ಸಿಕ್ಕಿತು. ಇಂಟರ್ನಲ್ ಅಂಕಕ್ಕೆ ಎಲ್ಲರೂ ಒಂದು ಸೆಮಿನಾರ್ ಕೊಡಬೇಕಿತ್ತು. ವಿಷಯ ನಾವೇ ಆರಿಸಿಕೊಳ್ಳಬೇಕು. ನಾನು ಸಿಲೆಬಸ್ಸಿನ ಹಾಳೆ ಹಿಡಿದು ಯೋಚಿಸುತ್ತಿದ್ದಾಗ ಮೇಷ್ಟ್ರು ಕೇಳಿದರು, ‘ನಿಮ್ಮ ಮನೇಲಿ ಅಡಿಕೆ ಸುಲಿಯೋದು ಯಾರಮ್ಮ?’ ಅಮ್ಮ, ದೊಡ್ಡಮ್ಮ, ಕೆಳಗಿನ ಕೇರಿಯ ಹೆಂಗಸರು ಅಂದೆ. ‘ಕೂಲಿ ಹೇಗೆ ಲೆಕ್ಕ ಹಾಕ್ತಾರೆ? ದಿನಕ್ಕಾ, ತೂಕಕ್ಕಾ?’ ನನಗೆ ಎಲ್ಲ ಗೊತ್ತಿತ್ತು. ರಾತ್ರಿ ಊಟ ಆದ ಮೇಲೆ ಮೆಟ್ಟುಗತ್ತಿಯ ಮುಂದೆ ಕೂತು ಸುಲಿಯುವ ಹೆಂಗಸರ ಮಧ್ಯೆಯೇ ನಾನು ಬೆಳೆದದ್ದು. ಚೊಗರು ಹತ್ತಿ ಕಪ್ಪಾದ ಬೆರಳುಗಳು ಕೊಯ್ಲು ಮುಗಿದ ಮೇಲೂ ಎಷ್ಟೋ ದಿನ ಹಾಗೇ ಇರುತ್ತವೆ. ‘ಅದನ್ನೇ ಬರಿ’ ಅಂದರು.

ದಸರಾ ರಜೆಗೆ ಊರಿಗೆ ಹೋದಾಗ ಪುಸ್ತಕ, ಪೆನ್ನು ಹಿಡಿದು ಕೂತೆ. ಸುಲಿದ ಅಡಿಕೆಯನ್ನು ಹೇಗೆ ಅಳೆಯುತ್ತಾರೆ, ಕೂಲಿ ಯಾವಾಗ ಕೈಗೆ ಬರುತ್ತದೆ, ಹಗಲು ಮನೆಕೆಲಸ ಮುಗಿಸಿ ರಾತ್ರಿ ಸುಲಿಯುವವರ ಆ ಗಂಟೆಗಳು ಯಾವ ಲೆಕ್ಕಕ್ಕೆ ಸೇರುತ್ತವೆ, ಸ್ವಂತ ತೋಟದ ಮನೆಯ ಹೆಂಗಸರಿಗೆ ಕೂಲಿಯೇ ಇಲ್ಲವಲ್ಲ ಅದನ್ನು ಖರ್ಚು ಅಂತ ಯಾರಾದರೂ ಬರೆಯುತ್ತಾರಾ. ಅಮ್ಮ ಮೊದಲು ‘ಇದೆಲ್ಲ ಎಂಥ ಓದು’ ಅಂದಳು. ಆಮೇಲೆ ನಾನು ಕೇಳದಿದ್ದದ್ದನ್ನೂ ಹೇಳತೊಡಗಿದಳು. ಶಿವಮೊಗ್ಗದ ಮಾರುಕಟ್ಟೆಯಲ್ಲಿ ರಾಶಿ, ಬೆಟ್ಟೆ, ಗೊರಬಲು, ಸರಕು ಅಂತ ಅಡಿಕೆಯ ಧಾರಣೆ ಪೇಪರಿನಲ್ಲಿ ದಿನಾ ಬರುತ್ತದೆ. ಸುಲಿಯುವವರ ಕೂಲಿ ಯಾವ ಪೇಪರಿನಲ್ಲೂ ಬರುವುದಿಲ್ಲ. ನನ್ನ ಸೆಮಿನಾರ್ ಅಲ್ಲಿಂದಲೇ ಶುರುವಾಯಿತು. ತರಗತಿಯಲ್ಲಿ ಅವತ್ತು ಪ್ರಶ್ನೆಗಳ ಮೇಲೆ ಪ್ರಶ್ನೆ. ಚನ್ನಗಿರಿಯ ಹುಡುಗ ತಮ್ಮ ಕಡೆಯ ಲೆಕ್ಕ ಹೇಳಿದ, ಅದು ನಮ್ಮದಕ್ಕಿಂತ ಬೇರೆ. ಗಂಟೆ ಹೊಡೆದರೂ ಯಾರೂ ಏಳಲಿಲ್ಲ.

ನಾನು ಆ ವಿಶ್ವವಿದ್ಯಾಲಯದವಳಾದದ್ದು ಅವತ್ತು ಅಂತ ನನ್ನ ನಂಬಿಕೆ. ಪ್ರವೇಶ ಸಿಕ್ಕಿ ಆಗಲೇ ತಿಂಗಳುಗಳು ಕಳೆದಿದ್ದವು. ದುಡ್ಡಿದ್ದವರಿಗೆ ಬೆಂಗಳೂರು, ಮಂಗಳೂರಿನಲ್ಲಿ ಖಾಸಗಿ ಕಾಲೇಜುಗಳಿವೆ, ಅಲ್ಲಿ ಕಟ್ಟಡವೂ ಚೆಂದ. ನಮಗೆ ಬೇಕಿದ್ದದ್ದು ನಮ್ಮಮ್ಮನ ಕೆಲಸವನ್ನು ಓದಿನ ವಿಷಯ ಅಂತ ಗೌರವಿಸುವ ಒಂದು ಜಾಗ. ಅಡಿಕೆ ಊರಿನ ಮಧ್ಯೆ ಇರುವ ಸರ್ಕಾರಿ ವಿಶ್ವವಿದ್ಯಾಲಯ ಈ ಕೆಲಸ ಮಾಡದಿದ್ದರೆ ಇನ್ಯಾರು ಮಾಡುತ್ತಾರೆ? ಅಲ್ಲಿ ಖಾಲಿ ಇರುವ ಅಧ್ಯಾಪಕರ ಹುದ್ದೆಗಳನ್ನು ತುಂಬುವುದಕ್ಕೆ, ಹಾಸ್ಟೆಲ್ ಕೋಣೆ ಹೆಚ್ಚಿಸುವುದಕ್ಕೆ ನಾವು ಊರಿನವರು ಗಟ್ಟಿಯಾಗಿ ಕೇಳಬೇಕು.

ಬಸ್ಸಿನ ಮಾತೂ ಇದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ. ಶಿವಮೊಗ್ಗ, ಭದ್ರಾವತಿಯ ಹುಡುಗಿಯರಿಗೆ ಇದರಿಂದ ತುಂಬಾ ಅನುಕೂಲವಾಗಿದೆ. ಆದರೆ ತೀರ್ಥಹಳ್ಳಿ, ಹೊಸನಗರ, ಕೊಪ್ಪದ ಒಳಗಿನ ರಸ್ತೆಗಳಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು. ಅಲ್ಲಿಯ ಹುಡುಗಿ ಶಿವಮೊಗ್ಗದವರೆಗೆ ದುಡ್ಡು ಕೊಟ್ಟೇ ಬರಬೇಕು. ಮನೆಗೆ ವಾರಕ್ಕೊಮ್ಮೆ ಹೋಗುವುದಾ, ತಿಂಗಳಿಗೊಮ್ಮೆಯಾ ಅನ್ನುವುದು ಇವತ್ತಿಗೂ ಈ ಲೆಕ್ಕದ ಮೇಲೇ ನಿಂತಿದೆ.

ಈ ವರ್ಷ ನನ್ನ ತರಗತಿಯಿಂದ ಹೊರಡುವವರಿಗೆ ಶಂಕರಘಟ್ಟದಲ್ಲಿ ಈಗ ಓದುತ್ತಿರುವ ನಮ್ಮ ಹಳೆಯ ವಿದ್ಯಾರ್ಥಿಗಳ ಫೋನ್ ನಂಬರನ್ನು, ಅವರ ಒಪ್ಪಿಗೆ ಪಡೆದು, ಕೊಟ್ಟಿದ್ದೇನೆ. ಅಲ್ಲಿ ಓದಿ ಬಂದವರು ನೀವಾಗಿದ್ದರೆ ನಿಮ್ಮೂರಿನ ಒಂದು ಮಗುವಿಗೆ ಇಷ್ಟು ಮಾಡಿ. ಇವರಲ್ಲಿ ಒಬ್ಬ ಹುಡುಗಿಗೆ ಅರ್ಥಶಾಸ್ತ್ರವೇ ಬೇಕಂತೆ. ಪಹಣಿ ಅವಳ ಅಜ್ಜನ ಹೆಸರಿನಲ್ಲಿದೆ, ಅಜ್ಜ ತೀರಿಹೋಗಿದ್ದಾರೆ, ದೊಡ್ಡಪ್ಪ ಸಹಿ ಹಾಕಲು ಹಿಂದೆಮುಂದೆ ನೋಡುತ್ತಿದ್ದಾರೆ. ಭಾನುವಾರ ಅವರ ಮನೆಗೆ ಹೋಗಿ ಮಾತಾಡಬೇಕು. ಅವರು ಒಪ್ಪಿದರೆ ಸೋಮವಾರವೇ ಅವಳ ಅಪ್ಪನ ಜೊತೆ ನಾಡಕಚೇರಿಗೆ ಹೋಗಿ ಪೌತಿ ಖಾತೆಗೆ ಅರ್ಜಿ ಕೊಡುವುದು ಅಂತ ಮಾತಾಗಿದೆ.